ಪ್ರವಾಸದಲ್ಲಿ ಸಿಕ್ಕ ಮೂಳೆ, ಚಿಪ್ಪು, ಗರಿಗಳನ್ನು ಮನೆಗೆ ತರಬಹುದಾ?

ಹೋದಲ್ಲೆಲ್ಲ ಮೂಳೆ, ಚಿಪ್ಪು, ಗರಿ ಕಣ್ಣಿಗೆ ಬೀಳುತ್ತವೆ, ತಂದಿಟ್ಟುಕೊಳ್ಳಬಹುದಾ, ಹೇಗೆ ಸ್ವಚ್ಛ ಮಾಡಬೇಕು ಅಂತ ಕೇಳಿದ್ದೀರಿ. ನನಗೂ ಇದೇ ಹುಚ್ಚು. ಮೂಳೆ ಅಂದರೆ ಮುಖ ಸಿಂಡರಿಸುವವರೇ ಜಾಸ್ತಿ. ಆದರೆ ಹಕ್ಕಿಯ ಎದೆಮೂಳೆಯನ್ನು ಒಮ್ಮೆ ಹತ್ತಿರದಿಂದ ನೋಡಿ. ನಡುವೆ ಒಂದು ಏಣು ಎದ್ದು ನಿಂತಿರುತ್ತದೆ. ರೆಕ್ಕೆ ಬಡಿಯುವ ದೊಡ್ಡ ಸ್ನಾಯುಗಳು ಹಿಡಿದುಕೊಳ್ಳುವುದು ಅಲ್ಲೇ. ಹಾರಲಾಗದ ಉಷ್ಟ್ರಪಕ್ಷಿಗೆ ಆ ಏಣೇ ಇಲ್ಲ. ಇಂಥದ್ದನ್ನು ಕೈಯಲ್ಲಿ ಹಿಡಿದು ನೋಡುವ ಆಸೆ ಒಳ್ಳೆಯ ಆಸೆ. ತರಬಹುದು. ಆದರೆ ಎಲ್ಲವನ್ನೂ ಅಲ್ಲ, ಎಲ್ಲ ಕಡೆಯಿಂದಲೂ ಅಲ್ಲ.

ಎತ್ತಿಕೊಳ್ಳುವ ಮುಂಚೆ ನಾನು ಕೇಳಿಕೊಳ್ಳುವುದು ಒಂದೇ: ಇದು ಇನ್ನೂ ಯಾರಿಗಾದರೂ ಬೇಕಾ? ಕಾಡಿನಲ್ಲಿ ಬಿದ್ದ ಮೂಳೆ ಕಸವಲ್ಲ. ಮುಳ್ಳುಹಂದಿ, ಇಲಿಗಳು ಅದನ್ನು ಕಡಿಯುತ್ತವೆ. ಸೊಪ್ಪು ತಿಂದು ಬದುಕುವ ಜಿರಾಫೆ ಕೂಡ ಕ್ಯಾಲ್ಸಿಯಂ, ಫಾಸ್ಫರಸ್‌ಗಾಗಿ ಒಣಮೂಳೆ ಅಗಿಯುತ್ತದೆ. ಖಾಲಿ ಶಂಖ ಸನ್ಯಾಸಿ ಏಡಿಯ ಮನೆ. ಮೈ ಬೆಳೆದ ಹಾಗೆಲ್ಲ ಅದಕ್ಕೆ ಇನ್ನೊಂದು ದೊಡ್ಡ ಶಂಖ ಸಿಗಲೇಬೇಕು.

ನಾನೊಬ್ಬ ತೆಗೆದುಕೊಂಡರೆ ಏನಾಗುತ್ತದೆ ಅಂತ ಅನ್ನಿಸುತ್ತದೆ, ಅಲ್ವಾ? ಸ್ಪೇನ್‌ನ ಮೆಡಿಟರೇನಿಯನ್ ತೀರದ ಒಂದು ಕಡೆ ಸಂಶೋಧಕರು 1978ರಿಂದ 1981ರವರೆಗೆ ಚಿಪ್ಪುಗಳನ್ನು ಎಣಿಸಿದ್ದರು. 2008ರಿಂದ 2010ರವರೆಗೆ ಅಲ್ಲೇ ಮತ್ತೆ ಎಣಿಸಿದರು. ಅಷ್ಟರಲ್ಲಿ ಪ್ರವಾಸಿಗರು ಸುಮಾರು ಮೂರು ಪಟ್ಟಾಗಿದ್ದರು, ಚಿಪ್ಪುಗಳು ಅರ್ಧಕ್ಕಿಂತ ಕಡಿಮೆಯಾಗಿದ್ದವು. ಮರಳು ಚೊಕ್ಕಟ ಮಾಡುವ ಯಂತ್ರಗಳ ಪಾಲೂ ಅದರಲ್ಲಿರಬಹುದು. ಆದರೂ ಅದನ್ನು ಓದಿದ ಮೇಲೆ ನಾನು ತರುವುದು ಕಡಿಮೆಯಾಯಿತು. ರಾಶಿ ಬೇಡ, ಒಂದು ಸಾಕು. ಒಳಗೆ ಜೀವ ಇದ್ದರೆ ಅದೂ ಬೇಡ. ಕೋನ್ ಶಂಖದೊಳಗಿನ ಹುಳು ಚುಚ್ಚಿ ಸತ್ತವರಿದ್ದಾರೆ.

ಇನ್ನು ಕಾನೂನು. ಹೋಗುವ ಮುಂಚೆಯೇ ಆ ಜಾಗದ ನಿಯಮ ಓದಿಕೊಳ್ಳಿ. ಅಮೆರಿಕದಲ್ಲಿ 1918ರ ವಲಸೆ ಹಕ್ಕಿಗಳ ಕಾಯ್ದೆ ಇದೆ. ಅಲ್ಲಿನ ಹೆಚ್ಚಿನ ಕಾಡುಹಕ್ಕಿಗಳ ಗರಿ ತಾನಾಗಿ ಉದುರಿದ್ದರೂ ಇಟ್ಟುಕೊಳ್ಳುವಂತಿಲ್ಲ. ಅತಿ ಅನ್ನಿಸಬಹುದು. ಆದರೆ ಉದುರಿದ ಗರಿ, ಕೊಂದು ಕಿತ್ತ ಗರಿ ನೋಡಲು ಒಂದೇ ಥರ. ಇಟಲಿಯ ಸಾರ್ಡೀನಿಯಾದಲ್ಲಿ ಮರಳು, ಚಿಪ್ಪು ಒಯ್ದರೆ 500ರಿಂದ 3,000 ಯೂರೊ ದಂಡ. ಅಂಟಾರ್ಕ್ಟಿಕಾದಿಂದ ಪರವಾನಗಿ ಇಲ್ಲದೆ ಒಂದು ಕಲ್ಲನ್ನೂ ತರುವಂತಿಲ್ಲ. ಹವಳ, ಆಮೆಚಿಪ್ಪು, ತಿಮಿಂಗಿಲದ ಮೂಳೆ, ದಂತ ಇವುಗಳನ್ನು ಗಡಿ ದಾಟಿಸುವುದಕ್ಕೆ 1975ರಿಂದ ಜಾರಿಯಲ್ಲಿರುವ ಸೈಟಿಸ್ ಅನ್ನುವ, ಅಪಾಯದಲ್ಲಿರುವ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ ಅಡ್ಡ ಬರುತ್ತದೆ. ಅಂಗಡಿಯಲ್ಲಿ ರಾಜಾರೋಷವಾಗಿ ಮಾರುತ್ತಿದ್ದಾರೆ ಅಂದ ಮಾತ್ರಕ್ಕೆ ತರಬಹುದು ಅಂತ ಅಲ್ಲ. ತಂದಿದ್ದನ್ನು ಕಸ್ಟಮ್ಸ್‌ನಲ್ಲಿ ಮುಚ್ಚಿಡಬೇಡಿ, ಮೊದಲೇ ಹೇಳಿಬಿಡಿ. ಮಣ್ಣು, ತೊಗಟೆ, ಬೀಜದ ಜೊತೆ ಕೀಟವೂ ಬರುತ್ತದೆ.

ಮಾಂಸ, ಚರ್ಮ ಇನ್ನೂ ಅಂಟಿರುವ ಮೂಳೆ ಮುಟ್ಟಬೇಡಿ. ಆಂಥ್ರಾಕ್ಸ್‌ನಂಥ ರೋಗಾಣುಗಳು ಸತ್ತ ಪ್ರಾಣಿ ಬಿದ್ದ ಜಾಗದಲ್ಲಿ ದಶಕಗಟ್ಟಲೆ ಉಳಿಯುತ್ತವೆ. ಒಣ ಮೂಳೆಗೂ ಕೈಗವಸು ಬೇಕು. ಮನುಷ್ಯರದ್ದಿರಬಹುದು ಅಂತ ಸಣ್ಣ ಅನುಮಾನ ಬಂದರೂ ಕದಲಿಸದೆ ಪೊಲೀಸರಿಗೆ ತಿಳಿಸಿ.

ಸ್ವಚ್ಛ ಮಾಡುವಾಗ ತಾಳ್ಮೆ ಬೇಕು. ಮೂಳೆಯನ್ನು ಕುದಿಸಲೇಬಾರದು. ಕುದಿಸಿದರೆ ಕೊಬ್ಬು ಮೂಳೆಯ ಒಳಕ್ಕೆ ಇಳಿದು, ಆಮೇಲೆ ಹಳದಿಯಾಗಿ ಜಿಡ್ಡು ಬಿಡುತ್ತದೆ. ಬ್ಲೀಚ್ ಕೂಡ ಬೇಡ, ಮೂಳೆ ಪುಡಿಪುಡಿಯಾಗುತ್ತದೆ. ಪಾತ್ರೆ ತೊಳೆಯುವ ಸೋಪು ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಹಾಕಿ. ನೀರು ಕಲಕಾದಾಗ ಬದಲಾಯಿಸಿ. ಜಿಡ್ಡು ಪೂರ್ತಿ ಬಿಡಲು ವಾರಗಳೇ ಹಿಡಿಯಬಹುದು. ಆಮೇಲೆ ಔಷಧಿ ಅಂಗಡಿಯಲ್ಲಿ ಸಿಗುವ 3% ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಇಟ್ಟರೆ ಬಿಳಿಯಾಗುತ್ತದೆ. ಡಬ್ಬಿಯ ಮುಚ್ಚಳ ಬಿಗಿಯಬೇಡಿ, ಗ್ಯಾಸ್ ಬರುತ್ತದೆ. ಒಣಗಿಸುವುದು ನೆರಳಿನಲ್ಲಿ. ಚಿಪ್ಪುಗಳಿಗೆ ವಿನೆಗರ್ ಹಾಕಬೇಡಿ, ಹುಳಿ ಅವನ್ನು ಕರಗಿಸುತ್ತದೆ. ಕೆಲವು ಜಾತಿಯ ಮರದ ಪೆಟ್ಟಿಗೆಯಿಂದ ಹೊರಡುವ ಹುಳಿ ಆವಿಯೂ ಸಾಕು, ವರ್ಷಗಳಾದ ಮೇಲೆ ಚಿಪ್ಪಿನ ಮೇಲೆ ಬಿಳಿ ಪುಡಿ ಕಟ್ಟುತ್ತದೆ.

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಕೆಲಸ, ಎಲ್ಲಿ ಯಾವಾಗ ಸಿಕ್ಕಿತು ಅಂತ ಚೀಟಿ ಬರೆಯುವುದು. ಅಮೆರಿಕದ ಅರಿಜೋನಾದಲ್ಲಿ ಪೆಟ್ರಿಫೈಡ್ ಫಾರೆಸ್ಟ್ ಅನ್ನುವ ರಾಷ್ಟ್ರೀಯ ಉದ್ಯಾನ ಇದೆ. ಮರಗಳು ಕಲ್ಲಾದ ಜಾಗ. ಅಲ್ಲಿಂದ ಚೂರು ಕದ್ದು ಒಯ್ದವರು ಎಷ್ಟೋ ಕಾಲದ ಮೇಲೆ ಕ್ಷಮೆ ಕೇಳಿ, ಪತ್ರದ ಜೊತೆ ವಾಪಸ್ ಕಳಿಸುತ್ತಾರೆ. ಆದರೆ ಆ ಚೂರು ಎಲ್ಲಿತ್ತು ಅಂತ ಯಾರಿಗೂ ಗೊತ್ತಿಲ್ಲ. ಸುಮ್ನೆ ಎಲ್ಲೋ ಇಟ್ಟರೆ ಮುಂದೆ ಅಧ್ಯಯನ ಮಾಡುವವರಿಗೆ ತಪ್ಪು ಮಾಹಿತಿ ಸಿಗುತ್ತದೆ. ಹಾಗಾಗಿ ಅವನ್ನೆಲ್ಲ ಬೇರೆಯೇ ಒಂದು ರಾಶಿ ಹಾಕಿದ್ದಾರೆ. ಜಾಗ ಗೊತ್ತಿಲ್ಲದ ಮೂಳೆಯ ಕಥೆಯೂ ಇದೇ.

ಆದ್ದರಿಂದ ಎತ್ತುವ ಮುಂಚೆ ಬಿದ್ದಲ್ಲೇ ಒಂದು ಫೋಟೊ ತೆಗೆಯಿರಿ. ತರುವಂತಿಲ್ಲದ ಕಡೆ ಫೋಟೊ ಒಂದೇ ಸಾಕು. ಅಳತೆ ತಿಳಿಯಲು ಪಕ್ಕದಲ್ಲಿ ಕೈ ಇಟ್ಟುಕೊಳ್ಳಿ. ತಂದಿದ್ದರ ಜೊತೆ ತಾರೀಕು, ಜಾಗ, ಸುತ್ತ ಏನಿತ್ತು, ಯಾವ ಪ್ರಾಣಿ ಅಂತ ನಿಮಗನಿಸಿತು, ಇಷ್ಟನ್ನೂ ಅವತ್ತೇ ಬರೆದಿಡಿ. ಪೆನ್ಸಿಲ್‌ನಲ್ಲಿ ಬರೆಯಿರಿ. ಪೆನ್ನಿನ ಇಂಕು ತೇವ ತಾಗಿದರೆ ಹರಡುತ್ತದೆ.