ಹಳೇ ಫೋನೂ ಇರಲಿ, ಹೊಸದೂ ಕಪಾಟಿನಿಂದ ಹೊರಗೆ ಬರಲಿ

ಪತ್ರ: ನನಗೆ 67 ವರ್ಷ. ಶಿರಸಿ ಹತ್ತಿರದ ಹಳ್ಳಿಯಲ್ಲಿ ಒಬ್ಬಳೇ ಇದ್ದೇನೆ. ಪ್ರಾಥಮಿಕ ಶಾಲೆ ಟೀಚರಾಗಿ ನಿವೃತ್ತಳಾದವಳು. ಬೆಂಗಳೂರಿನಲ್ಲಿರುವ ಮಗ ಕಳೆದ ದೀಪಾವಳಿಗೆ ಸ್ಮಾರ್ಟ್‌ಫೋನ್ ತಂದು, ಬೇರೆ ಸಿಮ್ ಹಾಕಿಕೊಟ್ಟ. ವಾಟ್ಸಾಪ್, ಯೂಟ್ಯೂಬ್, ಮ್ಯಾಪ್ ಎಲ್ಲವನ್ನೂ ಒಂದೇ ಸಂಜೆ ಹೇಳಿಕೊಟ್ಟ. ಏನೂ ತಲೆಗೆ ಹತ್ತಲಿಲ್ಲ. ಮತ್ತೆ ಕೇಳಿದ್ದಕ್ಕೆ "ಇಷ್ಟೂ ಗೊತ್ತಾಗಲ್ವಾ ಅಮ್ಮ" ಎಂದ. ಅವತ್ತಿನಿಂದ ಅದು ಕಪಾಟಿನಲ್ಲಿದೆ. ನನಗೆ ಬಟನ್ ಫೋನೇ ಸಾಕು ಎನ್ನುತ್ತ ಬಂದಿದ್ದೇನೆ. ಪಕ್ಕದ ಮನೆಯವರು ಯಾರಿಗೋ ಫೋನಿನಲ್ಲಿ ಓಟಿಪಿ ಹೇಳಿ ದುಡ್ಡು ಕಳೆದುಕೊಂಡ ಮೇಲೆ ಹೆದರಿಕೆಯೂ ಸೇರಿಕೊಂಡಿದೆ. ಆದರೆ ವಿಡಿಯೋ ಕಾಲ್‌ನಲ್ಲಿ ಮೊಮ್ಮಗಳ ಮುಖ ನೋಡಬೇಕೆಂದರೆ ಆ ಪಕ್ಕದ ಮನೆಗೇ ಹೋಗಬೇಕು. ರಾತ್ರಿ ಒಂದೊಂದು ಸಲ ಹೊಸ ಫೋನ್ ತೆಗೆದು ಚಾರ್ಜ್ ಮಾಡಿ ಇಡುತ್ತೇನೆ. ಮುಂದಿನ ಸಲ ಬಂದಾಗ ನನ್ನ ಹಳೇ ಸಿಮ್ಮನ್ನೂ ಅದಕ್ಕೆ ಹಾಕಿ, ಫೋನ್‌ಪೇ ಮಾಡಿಸಿ, ಬಟನ್ ಫೋನನ್ನು ಗುಜರಿಗೆ ಕೊಡುತ್ತೇನೆ ಎನ್ನುತ್ತಿದ್ದಾನೆ ಮಗ. ಈ ವಯಸ್ಸಿನಲ್ಲಿ ನನಗೆ ಇದೆಲ್ಲ ಬೇಕಾ?
(ಹೆಸರು ಬೇಡ, ಶಿರಸಿ ತಾಲೂಕು)

ಅಕ್ಕೋರೇ,

ನಿಮ್ಮ ಕಡೆ ಮಕ್ಕಳು ಟೀಚರನ್ನು ಹೀಗೇ ಕರೆಯುತ್ತಾರಲ್ವಾ, ನಾನೂ ಹಾಗೇ ಕರೆಯುತ್ತೇನೆ.

ಬೇಕಾ ಎಂದು ಕೇಳಿದ್ದೀರಿ. ಅದಕ್ಕೆ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಬೇಡವಾದ ವಸ್ತುವನ್ನು ಯಾರೂ ರಾತ್ರಿ ತೆಗೆದು ಚಾರ್ಜ್ ಮಾಡಿ ಇಡುವುದಿಲ್ಲ. ನಿಮಗೆ ಆ ಫೋನ್ ಬೇಕು. ಬೇಡವಾಗಿರುವುದು ಆ ಸಂಜೆಯ ಅವಮಾನ. ಎಷ್ಟೋ ಮಕ್ಕಳಿಗೆ ಅಕ್ಷರ ಕಲಿಸಿದವರು ನೀವು. ಅಂಥವರಿಗೆ ಹೊಟ್ಟೆಯಲ್ಲಿ ಹುಟ್ಟಿದ ಮಗನೇ "ಗೊತ್ತಾಗಲ್ವಾ" ಎಂದರೆ ನೋವಾಗದೇ ಇರುತ್ತದೆಯೇ? ಆ ನೋವು ನ್ಯಾಯವಾದದ್ದೇ. ಆದರೆ ಅದಕ್ಕೋಸ್ಕರ ಮೊಮ್ಮಗಳ ಮುಖ ನೋಡಲು ನೀವು ಇನ್ನೊಬ್ಬರ ಮನೆ ಬಾಗಿಲಿಗೆ ಹೋಗಬೇಕಾಗಿರುವುದು ನನಗೆ ಸರಿ ಕಾಣುವುದಿಲ್ಲ.

ನಿಮ್ಮ ಮಗ ಮಾಡಿದ ತಪ್ಪು ಏನು ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಒಂದನೇ ಕ್ಲಾಸಿನ ಮಗುವಿಗೆ ನೀವು ಯಾವತ್ತಾದರೂ ಇಡೀ ವರ್ಣಮಾಲೆಯನ್ನು ಒಂದೇ ದಿನ ಕಲಿಸಿದ್ದುಂಟೇ? ಅವನು ಮಾಡಿದ್ದು ಅದನ್ನೇ. ಕಲಿಯುವವರ ತಲೆ ಕೆಟ್ಟದ್ದಲ್ಲ, ಪಾಠ ಜಾಸ್ತಿಯಾಯಿತು ಅಷ್ಟೇ.

ಈಗ ಹೆದರಿಕೆಯ ವಿಷಯ. ಇಲ್ಲಿ ನಿಮ್ಮ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಪಕ್ಕದ ಮನೆಯವರು ದುಡ್ಡು ಕಳೆದುಕೊಂಡದ್ದು ಮಾಮೂಲಿ ಕರೆಯಲ್ಲಿ ಓಟಿಪಿ ಹೇಳಿ. ಅಂಥ ಕರೆ ನಿಮ್ಮ ಬಟನ್ ಫೋನಿಗೂ ಬರಬಹುದು. ಹಾಗಾಗಿ ಬಟನ್ ಫೋನ್ ಇದ್ದ ಮಾತ್ರಕ್ಕೆ ಕಾವಲು ಸಿಕ್ಕಿತು ಎಂದುಕೊಳ್ಳಬೇಡಿ. ಓಟಿಪಿಯನ್ನು ಯಾರಿಗೂ ಹೇಳಬಾರದು. ಬ್ಯಾಂಕಿನವರು ಎಂದರೂ ಅಷ್ಟೇ, ಪೊಲೀಸ್ ಎಂದರೂ ಅಷ್ಟೇ. ವಿಡಿಯೋ ಕಾಲ್‌ನಲ್ಲಿ "ಡಿಜಿಟಲ್ ಅರೆಸ್ಟ್" ಮಾಡುತ್ತೇವೆ ಎಂದು ಹೆದರಿಸುವವರಿದ್ದಾರೆ. ನಮ್ಮ ಕಾನೂನಿನಲ್ಲಿ ಅಂಥದ್ದು ಇಲ್ಲವೇ ಇಲ್ಲ. ಸುಮ್ನೆ ಫೋನ್ ಇಟ್ಟುಬಿಡಿ. ವಾಟ್ಸಾಪ್‌ನಲ್ಲಿ ಮದುವೆ ಕರೆಯೋಲೆ ಎಂದು ಗೊತ್ತಿಲ್ಲದವರಿಂದ ಫೈಲ್ ಬಂದರೆ ಒತ್ತಲು ಹೋಗಬೇಡಿ. ಏನಾದರೂ ಎಡವಟ್ಟಾಗಿ ದುಡ್ಡು ಹೋದರೆ ನಾಚಿಕೊಂಡು ಕೂರದೆ ತಕ್ಷಣ 1930ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಸೈಬರ್ ವಂಚನೆ ಸಹಾಯವಾಣಿ. ಬೇಗ ತಿಳಿಸಿದಷ್ಟೂ ದುಡ್ಡು ತಡೆಯಲು ಅವಕಾಶ ಜಾಸ್ತಿ.

ಇನ್ನು, ಬಟನ್ ಫೋನನ್ನು ಗುಜರಿಗೆ ಕೊಡಲು ಬಿಡಲೇಬೇಡಿ. ನಿಮ್ಮ ಕಡೆ ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದರೆ ಕರೆಂಟು ಯಾವಾಗ ಬರುತ್ತದೋ ಹೇಳಲಾಗದು. ಸ್ಮಾರ್ಟ್‌ಫೋನ್ ಚಾರ್ಜ್ ಒಂದು ದಿನಕ್ಕೇ ಮುಗಿಯುತ್ತದೆ. ಬಟನ್ ಫೋನ್ ಹಾಗಲ್ಲ, ದಿನಗಟ್ಟಲೆ ಬಾಳುತ್ತದೆ. ಒಬ್ಬರೇ ಇರುವವರಿಗೆ ಇದು ಸಣ್ಣ ವಿಷಯವಲ್ಲ. ಬೆಂಗಳೂರಿನಲ್ಲಿ ಕೂತವರಿಗೆ ಇದು ಹೊಳೆಯುವುದಿಲ್ಲ.

ಇನ್ನೊಂದು ದೊಡ್ಡ ಕಾರಣವಿದೆ. ಬ್ಯಾಂಕಿಗೆ ಕೊಟ್ಟಿರುವ ನಂಬರಿನ ಸಿಮ್ ಯಾವ ಫೋನಿನಲ್ಲಿದೆಯೋ ಅದರಲ್ಲಿ ಮಾತ್ರ ಫೋನ್‌ಪೇ, ಗೂಗಲ್ ಪೇ ಶುರು ಮಾಡಲು ಬರುತ್ತದೆ. ಆ ಸಿಮ್ ಬಟನ್ ಫೋನಿನಲ್ಲೇ ಇರುವವರೆಗೆ, ಹೊಸ ಫೋನಿನಲ್ಲಿ ನೀವು ಗೊತ್ತಿಲ್ಲದೆ ಏನನ್ನು ಒತ್ತಿದರೂ ಅದರಿಂದ ಯುಪಿಐ ದುಡ್ಡು ಹೋಗುವುದಿಲ್ಲ. ಈಗ ನಿಮಗೆ ಬೇಕಾಗಿರುವುದು ಈ ಧೈರ್ಯವೇ. ಆದ್ದರಿಂದ ಸದ್ಯಕ್ಕೆ ಎರಡೂ ಫೋನ್ ಇರಲಿ. ದುಡ್ಡಿನ ವ್ಯವಹಾರವೆಲ್ಲ ಹಳೆಯದರಲ್ಲಿ, ಮುಖ ನೋಡಿ ಮಾತಾಡುವುದು ಹೊಸದರಲ್ಲಿ.

ವಾಟ್ಸಾಪನ್ನು ಹೊಸ ಸಿಮ್ಮಿನ ನಂಬರಿನಲ್ಲೇ ಶುರು ಮಾಡಿ. ಆ ನಂಬರ್ ಹಾಕಿದರೆ ಹೊಸ ಫೋನಿಗೇ ಆರು ಅಂಕಿಯ ಕೋಡ್ ಬರುತ್ತದೆ. ಅದನ್ನು ನೋಡಿ ನೀವೇ ಒತ್ತಬೇಕು. ಇದನ್ನೂ ಯಾರಿಗೂ ಹೇಳುವಂತಿಲ್ಲ. ಆಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ ಅಕ್ಷರ ದೊಡ್ಡದು ಮಾಡಿಕೊಳ್ಳಿ, ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿ. ಟೈಪ್ ಮಾಡಲು ಕಷ್ಟವಾದರೆ ಕೀಬೋರ್ಡಿನಲ್ಲಿರುವ ಮೈಕ್ ಗುರುತು ಒತ್ತಿ ಕನ್ನಡದಲ್ಲೇ ಮಾತಾಡಿದರಾಯಿತು, ಅದೇ ಬರೆದುಕೊಳ್ಳುತ್ತದೆ. ಪಾಠ ಹೇಳಿ ರೂಢಿಯಾದ ನಿಮ್ಮ ಸ್ಪಷ್ಟ ಮಾತನ್ನು ಅದು ಚೆನ್ನಾಗಿಯೇ ಹಿಡಿದೀತು. ನನ್ನ ಮಟ್ಟಿಗೆ ಮೊದಲ ತಿಂಗಳಿಗೆ ವಿಡಿಯೋ ಕಾಲ್ ಒಂದೇ ಸಾಕು. ಯೂಟ್ಯೂಬ್, ಮ್ಯಾಪ್ ಎಲ್ಲ ಎಲ್ಲಿಗೂ ಓಡಿಹೋಗುವುದಿಲ್ಲ. ಹಾಂ, ಹೊಸ ಸಿಮ್ಮಿನ ರೀಚಾರ್ಜ್ ಮುಗಿದಿರಬಹುದು, ಮೊದಲು ಅದನ್ನು ನೋಡಿಕೊಳ್ಳಿ.

ಫೋನ್‌ಪೇ ಬೇಕೋ ಬೇಡವೋ ಎಂಬುದನ್ನು ನಿರ್ಧರಿಸುವವರು ನೀವು, ನಿಮ್ಮ ಮಗ ಅಲ್ಲ. ಬಸ್ಸು ಹತ್ತಿ ಬ್ಯಾಂಕಿಗೆ ಹೋಗಿ, ಪಾಸ್‌ಬುಕ್ ಎಂಟ್ರಿ ಮಾಡಿಸಿ, ನಾಲ್ಕು ಜನರ ಜೊತೆ ಮಾತಾಡಿ ಬರುವುದು ನಿಮಗೆ ಇಷ್ಟವಾಗಿದ್ದರೆ ಅದನ್ನೇ ಮುಂದುವರಿಸಿ. ಕೈಕಾಲು ಗಟ್ಟಿ ಇರುವಾಗ ಅದನ್ನು ಬಿಡಿಸುವುದು ಉಪಕಾರವೇನೂ ಅಲ್ಲ. ಮುಂದೆ ಯಾವತ್ತಾದರೂ ನಿಮಗೇ ಬೇಕೆನಿಸಿ ಹಳೇ ನಂಬರನ್ನು ಹೊಸ ಫೋನಿಗೆ ತರುವುದಾದರೆ ಒಂದು ವಿಷಯ ನೆನಪಿರಲಿ. ಹೊಸ ಫೋನಿಗೆ ಚಿಕ್ಕ ಸಿಮ್ ಬೇಕು. ಅದೇ ನಂಬರಿಗೆ ಸಿಮ್ ಬದಲಿಸಿಕೊಂಡರೆ ಮುಂದಿನ 24 ಗಂಟೆ ಎಸ್ಸೆಮ್ಮೆಸ್ ಬರುವುದಿಲ್ಲ, ಓಟಿಪಿಯೂ ಬರುವುದಿಲ್ಲ. ಮೋಸ ತಡೆಯಲು ಮಾಡಿರುವ ನಿಯಮ ಅದು, ಗಾಬರಿಯಾಗಬೇಡಿ. ಬ್ಯಾಂಕಿನ ಕೆಲಸವಿಲ್ಲದ ದಿನ ನೋಡಿ ಮಾಡಿಸಿಕೊಳ್ಳಿ.

ಮಗನ ಜೊತೆ ಮಾತಾಡಲೇಬೇಕು. ಅವನು ಪ್ರೀತಿಯಿಂದಲೇ ಫೋನ್ ತಂದಿದ್ದಾನೆ, ಅದರಲ್ಲಿ ಅನುಮಾನವಿಲ್ಲ. ಆದರೆ ನಿಮಗೆ ನೋವಾದದ್ದು ಅವನಿಗೆ ಗೊತ್ತೇ ಇಲ್ಲದಿರಬಹುದು. "ನೀನು ಅವತ್ತು ಹಾಗೆ ಅಂದದ್ದಕ್ಕೇ ಫೋನ್ ಕಪಾಟಿಗೆ ಹೋಯಿತು ಮಗಾ. ಈ ಸಲ ಒಂದೇ ಒಂದು ಹೇಳಿಕೊಡು. ನಿನ್ನ ಕೈಯಲ್ಲಿ ಅಲ್ಲ, ನನ್ನ ಕೈಯಲ್ಲಿ ಒತ್ತಿಸು. ನಾನು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳುತ್ತೇನೆ" ಎಂದು ಹೇಳಿ. ಅವನು ಬರುವುದು ತಡವಾದರೆ ಮೊಮ್ಮಗಳನ್ನೇ ಕೇಳಿ. ಪಕ್ಕದ ಮನೆಯಿಂದ ಅವಳಿಗೆ ವಿಡಿಯೋ ಕಾಲ್ ಮಾಡುವಾಗ ಹೊಸ ಫೋನನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ.