ಓದುಗರ ಪ್ರಶ್ನೆ: ಟೈಗ್ರಿಸ್‌ನ ತೆಪ್ಪ, ದಾರಿ ಬಿಟ್ಟ ನೀರು

ಪ್ರಶ್ನೆ: ಹಿಂದೆ ಇರಾಕಿನ ಟೈಗ್ರಿಸ್ ನದಿಯಲ್ಲಿ ಮೋಸುಲ್‌ನಿಂದ ಬಾಗ್ದಾದಿಗೆ ಸರಕು ತಂದ ತೆಪ್ಪಗಳನ್ನು ಅಲ್ಲೇ ಬಿಚ್ಚಿ ಮಾರುತ್ತಿದ್ದರಂತೆ. ಅದರಲ್ಲೇ ವಾಪಸು ಹೋಗಬಹುದಿತ್ತಲ್ಲ?

ಉತ್ತರ: ಆಗುತ್ತಿರಲಿಲ್ಲ. ಟೈಗ್ರಿಸ್ ಹರಿಯುವುದು ಆಗ್ನೇಯಕ್ಕೆ. ಅಲ್ಲಿ ಹೆಚ್ಚಾಗಿ ಗಾಳಿ ಬೀಸುವುದೂ ವಾಯವ್ಯದಿಂದ ಆಗ್ನೇಯಕ್ಕೇ. ನೀರು, ಗಾಳಿ ಎರಡೂ ಕೆಳಕ್ಕೇ ತಳ್ಳುತ್ತವೆ. ನೈಲ್‌ನ ಲೆಕ್ಕ ಬೇರೆ: ನೀರು ಉತ್ತರಕ್ಕೆ ಹರಿದರೆ ಗಾಳಿ ಉತ್ತರದಿಂದ ಬೀಸುತ್ತದೆ, ಹಾಗಾಗಿ ಇಳಿಯಲು ಹರಿವು, ಏರಲು ಹಾಯಿ. ಟೈಗ್ರಿಸ್‌ನಲ್ಲಿ ದೋಣಿ ಮೇಲಕ್ಕೆ ಹೋಗಬೇಕೆಂದರೆ ಆಳುಗಳು ದಡದ ಮೇಲೆ ನಡೆಯುತ್ತ ಹಗ್ಗ ಹಿಡಿದು ಎಳೆಯಬೇಕಿತ್ತು.

ಕೆಲೆಕ್ ಎಂಬ ಈ ತೆಪ್ಪ ಆ ಕಷ್ಟಕ್ಕೆ ಸಿಕ್ಕ ಜಾಣ ಉತ್ತರ. ಆಡು, ಕುರಿಯ ಇಡೀ ಚರ್ಮವನ್ನು ಸುಲಿದು, ಕಾಲುಗಳ ತೂತು ಬಿಗಿದು, ಗಾಳಿ ಊದಿ ತಿತ್ತಿ ಮಾಡುತ್ತಿದ್ದರು. ಅಂಥವನ್ನು ಸಾಲುಸಾಲಾಗಿ ಮರದ ಗಳಗಳ ಚೌಕಟ್ಟಿನಡಿ ಕಟ್ಟುತ್ತಿದ್ದರು. ದೊಡ್ಡ ತೆಪ್ಪಕ್ಕೆ ನೂರಾರು ತಿತ್ತಿ ಬೇಕು. ಬಂಡೆಗೆ ತಾಗಿ ಒಂದೆರಡು ಒಡೆದರೆ ತೆಪ್ಪ ಮುಳುಗುವುದಿಲ್ಲ, ಅದೇ ಇದರ ದೊಡ್ಡ ಗುಣ. ಚರ್ಮ ಒಣಗಿದರೆ ಮಾತ್ರ ಬಿರುಕು ಬಿಟ್ಟು ಗಾಳಿ ಸೋರುತ್ತದೆ. ಆಗಾಗ ನೀರು ಚಿಮುಕಿಸಬೇಕು, ಸಡಿಲಾದದ್ದನ್ನು ಮತ್ತೆ ಊದಬೇಕು. ಮರ ವಿರಳವಾದ ಕೆಳನಾಡಿನಲ್ಲಿ ಗಳಗಳಿಗೆ ಒಳ್ಳೆಯ ಬೆಲೆ. ಗಾಳಿ ಬಿಟ್ಟ ಚರ್ಮವನ್ನು ಮಡಚಿ ಕತ್ತೆಯ ಮೇಲೆ ಹೇರಿದರೆ ಮತ್ತೊಂದು ಸವಾರಿಗೆ ಸಿದ್ಧ.

ಪ್ರಶ್ನೆ: ದಕ್ಷಿಣ ಇರಾಕಿನ ವಾಸಿತ್ ಹಿಂದೆ ನದಿದಡದ ದೊಡ್ಡ ಪಟ್ಟಣವಾಗಿತ್ತು. ಈಗ ಅದರ ಅವಶೇಷದ ಬಳಿ ಟೈಗ್ರಿಸ್ಸೇ ಇಲ್ಲವಲ್ಲ?

ಉತ್ತರ: ಕಾರಣ ಹೂಳು. ಇಳಿಜಾರು ತೀರಾ ಕಡಿಮೆಯಿರುವ ಬಯಲಿನಲ್ಲಿ ನದಿ ಹೂಳನ್ನು ತನ್ನ ಪಾತ್ರದಲ್ಲೂ ದಂಡೆಯಲ್ಲೂ ಬಿಡುತ್ತ ಹೋಗುತ್ತದೆ. ಕೊನೆಗೆ ಅದು ಸುತ್ತಲ ಹೊಲಗಳಿಗಿಂತ ಎತ್ತರದಲ್ಲಿ ಹರಿಯುತ್ತದೆ. ಬೆಟ್ಟದ ಹಿಮ ಕರಗಿ ಏಪ್ರಿಲ್ ಹೊತ್ತಿಗೆ ನೆರೆ ಬಂದಾಗ ದಂಡೆ ಒಡೆದರೆ, ನೀರು ತಗ್ಗು ಹುಡುಕಿ ಹೊಸ ಹಾದಿ ಹಿಡಿಯುತ್ತದೆ.

628ರ ಸುಮಾರಿನ ದೊಡ್ಡ ನೆರೆಯಲ್ಲಿ ಮುಖ್ಯ ಹರಿವು ಪಶ್ಚಿಮದ ಕವಲಿಗೆ ತಿರುಗಿತು. 8ನೇ ಶತಮಾನದ ಆರಂಭದಲ್ಲಿ ಇರಾಕಿನ ರಾಜ್ಯಪಾಲ ಹಜ್ಜಾಜ್ ವಾಸಿತ್ ಕಟ್ಟಿಸಿದ್ದು ಆ ಕವಲಿನ ಮೇಲೆಯೇ. ಅಲ್ಲಿಂದ ಕೆಳಗೆ ನದಿ ‘ಬತಾಇಹ್’ ಎಂಬ ಜೌಗಿನಲ್ಲಿ ಹರಡಿಹೋಗುತ್ತಿತ್ತು. ದೊಡ್ಡ ದೋಣಿಗಳು ಜೌಗಿನ ಅಂಚಿನಲ್ಲಿ ನಿಂತು, ಸರಕನ್ನು ಜೊಂಡಿನ ನಡುವಿನ ಕಿರುದಾರಿಗಳಲ್ಲಿ ನುಸುಳಬಲ್ಲ ಚಿಕ್ಕ ದೋಣಿಗಳಿಗೆ ಇಳಿಸಬೇಕಿತ್ತು. ಬಸ್ರಾಕ್ಕೆ ಹೋಗುವ ಸರಕಿಗೆ ಈ ಇಳಿಸು-ಏರಿಸು ತಪ್ಪಿದ್ದಲ್ಲ. ಮುಂದೆ ನದಿ ಮತ್ತೆ ಪೂರ್ವಕ್ಕೆ ಸರಿಯಿತು, ವಾಸಿತ್ ನೀರಿಲ್ಲದೆ ಪಾಳುಬಿತ್ತು.

ಎಲ್ಲವೂ ನದಿಯ ಕೆಲಸವಲ್ಲ ಎಂಬುದನ್ನೂ ಹೇಳಲೇಬೇಕು. 937ರ ಸುಮಾರಿಗೆ ಬಾಗ್ದಾದಿನ ಖಲೀಫನ ಮುಖ್ಯ ಸೇನಾಧಿಪತಿ ಇಬ್ನ್ ರಾಇಕ್, ಎದುರಾಳಿ ಸೇನಾನಿ ಬಜ್ಕಮ್‌ನ ಸೇನೆಯನ್ನು ತಡೆಯಲೆಂದು ನಹ್ರವಾನ್ ಕಾಲುವೆಯ ಒಡ್ಡನ್ನೇ ಒಡೆಸಿದ. ಬಾಗ್ದಾದಿನ ಪೂರ್ವದ ಕೃಷಿಭೂಮಿಗೆ ಬಿದ್ದ ಆ ಪೆಟ್ಟು ಬಲು ದೊಡ್ಡದು.

ಪ್ರಶ್ನೆ: ಕೈರೋದ ರೇವು ಬೂಲಾಕ್‌ಗೆ ಹೋದದ್ದೇಕೆ?

ಉತ್ತರ: ಅಲ್ಲಿ ನೈಲ್ ಮೆಲ್ಲಮೆಲ್ಲನೆ ಪಶ್ಚಿಮಕ್ಕೆ ಸರಿಯಿತು. ಹಿಂದೆ ಈಜಿಪ್ಟ್ ಆಳಿದ ಫಾತಿಮಿದ್ ವಂಶದ ಕಾಲದ ರೇವು ಮಕ್ಸ್ ಒಣನೆಲದಲ್ಲಿ ಉಳಿಯಿತು. ನೀರು ಬಿಟ್ಟುಕೊಟ್ಟ ಹೊಸ ನೆಲದಲ್ಲಿ 14ನೇ ಶತಮಾನದಲ್ಲಿ ಬೂಲಾಕ್ ಬೆಳೆಯಿತು.