ಅಟ್ಟದ ಮೇಲಿನ ದೆವ್ವದ ಕ್ಯಾಸೆಟ್‌ಗಳು

ಓದುಗರ ಪ್ರಶ್ನೆ – ಬಲ್ಲವರ ಉತ್ತರ

ತೊಂಬತ್ತರ ದಶಕದಲ್ಲಿ ರಾತ್ರಿ ಊಟವಾದ ಮೇಲೆ ಊರ ಕೇಬಲ್‌ನಲ್ಲಿ ಬರುತ್ತಿದ್ದ ದೆವ್ವದ ಸಿನಿಮಾಗಳ ಬಗ್ಗೆ ಉತ್ತರ ಕನ್ನಡದ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಏಳನ್ನು ಈ ಸಲ ಆರಿಸಿಕೊಂಡಿದ್ದೇವೆ. ಮೊದಲನೆಯ ಉತ್ತರ ಉದ್ದವಾಗಿದೆ. ಕರಾವಳಿಯ ಮನೆಗಳಲ್ಲಿ ಈ ಹೊತ್ತು ಹಾಳಾಗುತ್ತಿರುವುದು ಆ ಸಿನಿಮಾಗಳನ್ನು ಹಿಡಿದಿಟ್ಟ ವಿಡಿಯೊ ಕ್ಯಾಸೆಟ್‌ಗಳೇ.

ಅಟ್ಟ ಗುಡಿಸುವಾಗ ಟ್ರಂಕಿನಲ್ಲಿ ಹಳೆಯ ವಿಡಿಯೊ ಕ್ಯಾಸೆಟ್‌ಗಳು ಸಿಕ್ಕವು. ಕೇಬಲ್‌ನಲ್ಲಿ ಬಂದ ದೆವ್ವದ ಸಿನಿಮಾಗಳನ್ನು ನಮ್ಮ ಮಾವ ಟೇಪ್ ಮಾಡಿಟ್ಟದ್ದು. ರೀಲಿನ ಮೇಲೆ ಬಿಳಿ ಪುಡಿ ಕಾಣುತ್ತದೆ. ವಿಸಿಆರ್ ಇದೆ, ಹಾಕಿ ನೋಡಬಹುದೇ? – ಓದುಗರು, ಕುಮಟಾ

ಹಾಕಲೇಬೇಡಿ. ಅದು ಬೂಷ್ಟು. ಗಾಳಿಯ ತೇವ ಶೇ. 65–70 ದಾಟಿ ಹಾಗೇ ನಿಂತರೆ ಅದು ಬೆಳೆಯುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ತೇವ ಅದಕ್ಕಿಂತ ಕೆಳಗೆ ಇಳಿಯುವುದೇ ಅಪರೂಪ. ಬೂಷ್ಟು ಹಿಡಿದ ಟೇಪನ್ನು ಹಾಕಿದರೆ ಆ ಪುಡಿ ವಿಸಿಆರ್‌ನ ಹೆಡ್ಡಿಗೆ (ಟೇಪಿನಿಂದ ಚಿತ್ರ ಓದುವ ಭಾಗ) ಅಂಟಿ ಚಿತ್ರ ಹೋಗುತ್ತದೆ, ಮುಂದೆ ಅದೇ ಯಂತ್ರಕ್ಕೆ ಹಾಕಿದ ಒಳ್ಳೆಯ ಕ್ಯಾಸೆಟ್‌ಗೂ ದಾಟುತ್ತದೆ. ಸುರುಳಿಗಳು ಒಂದಕ್ಕೊಂದು ಅಂಟಿದ್ದರೆ ಟೇಪೇ ಹರಿಯುತ್ತದೆ.

ಮೊದಲು ಪ್ರತಿ ಕ್ಯಾಸೆಟ್ಟಿನ ಬೆನ್ನಿನಲ್ಲಿರುವ ಪುಟ್ಟ ಪ್ಲಾಸ್ಟಿಕ್ ಚೂರನ್ನು ಮುರಿದುಬಿಡಿ. ಆ ಮೇಲೆ ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಇದ್ದದ್ದು ಅಳಿಸಿಹೋಗದು. ಬಿಳಿ ಪುಡಿ ಇರುವುದನ್ನು ಬೇರೆ, ಇಲ್ಲದ್ದನ್ನು ಬೇರೆ ಇಡಿ.

ಮುಂದಿನದು ಒಣಗಿಸುವ ಕೆಲಸ. ಬಿಸಿಲು ಬೇಡ, ಒಲೆಯ ಮೇಲಿನ ಅಟ್ಟವಂತೂ ಬೇಡವೇ ಬೇಡ. ಅಲ್ಲಿ ಅಡಿಕೆ, ಹುಣಸೆ, ಉಪ್ಪಿನ ಮರಿಗೆ ಚೆನ್ನಾಗಿರುತ್ತವೆ, ಕ್ಯಾಸೆಟ್ ಮಾತ್ರ ಮಸಿ ಹಿಡಿದು ಸೊಟ್ಟಗಾಗುತ್ತದೆ. ಬಿಗಿಯಾಗಿ ಮುಚ್ಚುವ ಡಬ್ಬದಲ್ಲಿ ಐದಾರು ಕ್ಯಾಸೆಟ್‌ಗಳನ್ನು ಪುಸ್ತಕದಂತೆ ನಿಲ್ಲಿಸಿ, ಬಟ್ಟೆಚೀಲದಲ್ಲಿ 200 ಗ್ರಾಂ ಸಿಲಿಕಾ ಜೆಲ್ ಕಟ್ಟಿ ಒಳಗಿಡಿ. ನೀಲಿ ಹರಳಿನದು ತೇವ ಕುಡಿದಾಗ ಗುಲಾಬಿಯಾಗುತ್ತದೆ. ಓವನ್‌ನಲ್ಲಿ 110 ಡಿಗ್ರಿಯಲ್ಲಿ ಎರಡು ತಾಸು ಇಟ್ಟರೆ ಮತ್ತೆ ನೀಲಿಯಾಗಿ ಕೆಲಸಕ್ಕೆ ಬರುತ್ತದೆ. ಅಕ್ಕಿ ಹಾಕುವವರಿದ್ದಾರೆ. ಅಕ್ಕಿಯ ಹುಡಿ ಟೇಪಿಗೆ ಮೆತ್ತಿಕೊಳ್ಳುವುದರಿಂದ ಅದು ಬೇಡ. ಎರಡು ವಾರದಲ್ಲಿ ಬೂಷ್ಟು ಒಣಗಿ ಪುಡಿಯಾಗುತ್ತದೆ. ಹಸಿ ಬೂಷ್ಟನ್ನು ಒರೆಸಿದರೆ ಬಳಿದಂತಾಗುತ್ತದೆ, ಒಣಗಿದ್ದು ಉದುರುತ್ತದೆ.

ಒರೆಸುವುದನ್ನು ಅಂಗಳದಲ್ಲೇ ಮಾಡಿ. ಮೂಗಿಗೆ ಎನ್–95 ಮಾಸ್ಕ್, ಕೈಗೆ ಗ್ಲೌಸ್ ಇರಲಿ. ದಮ್ಮು ಇರುವವರು, ಮಕ್ಕಳು ಹತ್ತಿರ ಬರಬಾರದು. ಕ್ಯಾಸೆಟ್ ಮಗುಚಿದರೆ ಐದು ಸ್ಕ್ರೂ ಕಾಣುತ್ತವೆ. ಬಿಚ್ಚಿ, ಹಾಗೇ ನೇರ ತಿರುಗಿಸಿ, ಮೇಲಿನ ಮುಚ್ಚಳ ಎತ್ತಿ. ಟೇಪ್ ಯಾವ ಕಂಬದ ಆಚೆ, ಯಾವ ಕಂಬದ ಈಚೆ ಹಾದಿದೆ ಎಂದು ಮುಟ್ಟುವ ಮೊದಲೇ ಮೊಬೈಲ್‌ನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಮತ್ತೆ ಜೋಡಿಸುವಾಗ ಹೆಚ್ಚಿನವರು ಸಿಕ್ಕಿಬೀಳುವುದು ಅಲ್ಲೇ. ಸುರುಳಿಯ ಅಂಚಿನ ಪುಡಿಯನ್ನು ಮೆತ್ತನೆಯ ಬ್ರಷ್‌ನಿಂದ ಹೊರಮುಖವಾಗಿ ಗುಡಿಸಿ. ಟೇಪನ್ನು ಕೈಯಿಂದ ನಿಧಾನ ಸುತ್ತುತ್ತ, ಎಳೆ ಬಿಡದ ಒಣ ಮೈಕ್ರೊಫೈಬರ್ ಬಟ್ಟೆಯ ಮಡಿಕೆಯ ನಡುವೆ ಹಾಯಿಸಿ. 180 ನಿಮಿಷದ ಕ್ಯಾಸೆಟ್ಟಿನಲ್ಲಿ ಸುಮಾರು 258 ಮೀಟರ್ ಟೇಪ್ ಇದೆ, ಆತುರ ಕೂಡದು. ಬಟ್ಟೆಯ ಹೊಸ ಭಾಗ ಆಗಾಗ ಬರುವಂತೆ ಮಡಿಕೆ ಬದಲಿಸುತ್ತಿರಿ. ಗಟ್ಟಿ ಕಲೆ ಇದ್ದಲ್ಲಿ ಮಾತ್ರ ಶೇ. 99ರ ಐಸೊಪ್ರೊಪೈಲ್ ಆಲ್ಕೊಹಾಲ್ ಒಂದೆರಡು ಹನಿ ಬಟ್ಟೆಗೆ ಹಾಕಿ ಒರೆಸಿ, ಪೂರ್ತಿ ಆರಿದ ಮೇಲೆಯೇ ಸುತ್ತಿ. ಔಷಧಿ ಅಂಗಡಿಯ ಶೇ. 70ರದ್ದು ಬೇಡ, ಉಳಿದ 30 ಪಾಲು ನೀರು. ಸ್ಯಾನಿಟೈಸರ್‌ನಲ್ಲಿ ಗ್ಲಿಸರಿನ್ ಇರುತ್ತದೆ, ಅದೂ ಬೇಡ. ಹಳೆಯ ಡಬ್ಬಿಯಲ್ಲೇ ಬೂಷ್ಟಿನ ಬೀಜ ಉಳಿದಿರುವುದರಿಂದ ಸುರುಳಿಗಳನ್ನು ಬೇಡದ ಇನ್ನೊಂದು ಕ್ಯಾಸೆಟ್ಟಿನ ಶುದ್ಧ ಡಬ್ಬಿಗೆ ಹಾಕುವುದು ಉತ್ತಮ.

ಎಲ್ಲಾದರೂ ಅಂಟಿದ್ದರೆ ಎಳೆಯದೆ ಮತ್ತೊಂದು ವಾರ ಒಣಗಿಸಿ. ಹರಿದರೆ ಸೆಲ್ಲೊ ಟೇಪ್ ಹಚ್ಚಬೇಡಿ, ಅದರ ಗೋಂದು ಹೆಡ್ಡಿಗೆ ಹತ್ತುತ್ತದೆ. ಜೋಡಿಸಲೆಂದೇ ಸಿಗುವ ಸ್ಪ್ಲೈಸಿಂಗ್ ಟೇಪ್ ಬೇಕು.

ಇನ್ನು ವಿಸಿಆರ್. ವರ್ಷಗಟ್ಟಲೆ ಸುಮ್ಮನಿದ್ದ ಯಂತ್ರದ ಬೆಲ್ಟ್ ಸಡಿಲಾಗಿ, ರಬ್ಬರ್ ರೋಲರ್ ಗಟ್ಟಿಯಾಗಿರುತ್ತದೆ. ಹಾಗಾಗಿಯೇ ಅದು ರೀಲು ತಿನ್ನುವುದು. ಹೋದರೂ ಪರವಾಗಿಲ್ಲ ಎನ್ನುವ ಕ್ಯಾಸೆಟ್ ಹಾಕಿ ಹತ್ತು ನಿಮಿಷ ಓಡಿಸಿ, ಮುಂದೆ ಹಿಂದೆ ಸುತ್ತಿಸಿ, ಹೊರಗೆ ತೆಗೆದು ಟೇಪಿನ ಅಂಚು ಸುಕ್ಕಾಗಿದೆಯೇ ನೋಡಿ. ಹೆಡ್ ಒರೆಸುವಾಗ ಪ್ಲಗ್ ಕಿತ್ತಿರಬೇಕು. ಅದೇ ಆಲ್ಕೊಹಾಲ್ ಸವರಿದ ದಪ್ಪ ಕಾಗದವನ್ನು ಹೆಡ್ ಕೂತಿರುವ, ತಿರುಗುವ ಡ್ರಮ್ಮಿಗೆ ಹಗುರವಾಗಿ ಒತ್ತಿಹಿಡಿದು, ಡ್ರಮ್ಮನ್ನೇ ಬೆರಳಿನಿಂದ ತಿರುಗಿಸಿ. ಕಾಗದವನ್ನು ಮೇಲೆ ಕೆಳಗೆ ಉಜ್ಜಿದರೆ ಹೆಡ್ ಮುರಿಯುತ್ತದೆ. ಕಿವಿಗೆ ಹಾಕುವ ಹತ್ತಿಕಡ್ಡಿಯ ಎಳೆ ಸಿಕ್ಕಿಕೊಂಡರೂ ಅದೇ ಗತಿ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ ಜಪಾನಿನ ಫುನಾಯ್. ಅದೂ 2016ರಲ್ಲಿ ನಿಲ್ಲಿಸಿತು. ನಿಮ್ಮಲ್ಲಿರುವ ಹೆಡ್ಡನ್ನು ಚಿನ್ನದಂತೆ ಕಾಪಾಡಿ.

ಇಷ್ಟನ್ನೂ ಗಾಳಿಯ ತೇವ ಕಡಿಮೆ ಇರುವ ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಮುಗಿಸಿಕೊಳ್ಳಿ.

ವಿಸಿಆರ್‌ನ ಚಿತ್ರವನ್ನು ಕಂಪ್ಯೂಟರಿಗೆ ಇಳಿಸುವ ಯುಎಸ್‌ಬಿ ಕ್ಯಾಪ್ಚರ್ ಡಬ್ಬಿ ತಂದು ಹಾಕಿದರೆ ಚಿತ್ರ ಕಪ್ಪು ಬಿಳುಪಾಗಿ ಉರುಳುತ್ತದೆ. ಟಿವಿಯಲ್ಲಿ ಸರಿಯಾಗಿದೆ. ಧ್ವನಿಯೂ ಬರಬರುತ್ತ ಹಿಂದೆ ಬೀಳುತ್ತದೆ. – ಓದುಗರು, ಶಿರಸಿ

ಸಾಫ್ಟ್‌ವೇರ್ ಅಮೆರಿಕದ ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿಯಲ್ಲಿದೆ. ನಮ್ಮ ದೇಶದ ಪದ್ಧತಿ ಪಾಲ್. ಅದನ್ನು ಬದಲಿಸಿ, ಗಾತ್ರ 720×576, ಸೆಕೆಂಡಿಗೆ 25 ಫ್ರೇಮ್ ಎಂದು ಇಡಿ. ಬಣ್ಣ ಬರುತ್ತದೆ, ಉರುಳುವುದು ನಿಲ್ಲುತ್ತದೆ.

ಧ್ವನಿ ಹಿಂದೆ ಬೀಳುವುದಕ್ಕೆ ಕಾರಣ ನಡುನಡುವೆ ಫ್ರೇಮ್ ಬಿಟ್ಟುಹೋಗುವುದು. ಡಬ್ಬಿಯನ್ನು ಯುಎಸ್‌ಬಿ ಹಬ್‌ಗೆ (ಒಂದು ಕಿಂಡಿಯನ್ನು ಹಲವಾಗಿಸುವ ಸಾಧನ) ಹಾಕದೆ ನೇರ ಕಂಪ್ಯೂಟರಿಗೆ ಚುಚ್ಚಿ, ಪೆನ್‌ಡ್ರೈವ್‌ಗೆ ಬರೆಸದೆ ಒಳಗಿನ ಡಿಸ್ಕಿಗೆ ಬರೆಸಿ. ಕಂಪ್ಯೂಟರ್ ತಾನೇ ನಿದ್ದೆಹೋಗುವ ಸೆಟ್ಟಿಂಗನ್ನೂ ತೆಗೆದುಹಾಕಿ. ಜಾಗ ಎಷ್ಟು ಬೇಕೆಂದರೆ, ಡಿವಿ ಮಾದರಿಯಲ್ಲಿ ಗಂಟೆಗೆ ಸುಮಾರು 13 ಜಿಬಿ, ಅಂದರೆ ಮೂರು ಗಂಟೆಯ ಕ್ಯಾಸೆಟ್ಟಿಗೆ ಹತ್ತಿರ ಹತ್ತಿರ 40 ಜಿಬಿ. ಎಂಪೆಗ್–2ರಲ್ಲಿ 8 ಎಂಬಿಪಿಎಸ್ ಇಟ್ಟರೆ ಗಂಟೆಗೆ 3.6 ಜಿಬಿ ಸಾಕು. ಮೊಬೈಲಿಗೆ ಚಿಕ್ಕ ಪ್ರತಿ ಬೇಕಾದರೆ ಆಮೇಲೆ ಮಾಡಿಕೊಳ್ಳಿ, ಮೂಲ ಕಡತವನ್ನು ಮುಟ್ಟಬೇಡಿ. ಅದರ ಎರಡು ಪ್ರತಿ ಎರಡು ಮನೆಯಲ್ಲಿರಲಿ. ಮೆತ್ತಿನ (ಮಹಡಿಯ) ಮೇಲಿನ ಚಳಿಯಿಂದ ತಂದ ಕ್ಯಾಸೆಟ್ಟನ್ನು ತಕ್ಷಣ ಹಾಕಬೇಡಿ. ಟೇಪಿನ ಮೇಲೆ ಹನಿ ಕಟ್ಟಿದ್ದರೆ ಡ್ರಮ್ಮಿಗೆ ಅಂಟುತ್ತದೆ. ಮೂರು ತಾಸು ಕೋಣೆಯಲ್ಲಿಟ್ಟು ಹಾಕಿ.

ಕೇಳದಿದ್ದರೂ ಒಂದು ಮಾತು ಹೇಳಲೇಬೇಕು. ಜಾಹೀರಾತು ಬಂದಾಗ ನಿಲ್ಲಿಸಬೇಡಿ. ಕ್ಯಾಸೆಟ್ಟಿನ ಮೊದಲ ಚುಕ್ಕಿಯಿಂದ ಕೊನೆಯ ಚುಕ್ಕಿಯವರೆಗೆ ಇಳಿಸಿಕೊಳ್ಳಿ. ಸಿನಿಮಾ ಇನ್ನೆಲ್ಲಾದರೂ ಸಿಕ್ಕೀತು. ಕೆಳಗೆ ಓಡುವ ಅಕ್ಷರದಲ್ಲಿ ಬಂದ ಬಟ್ಟೆ ಅಂಗಡಿಯ ರಿಯಾಯಿತಿ, ಜಾತ್ರೆಯ ಯಕ್ಷಗಾನದ ಪ್ರಕಟಣೆ, ಕಳೆದುಹೋದ ಎಮ್ಮೆಯ ಸುದ್ದಿ ನಿಮ್ಮ ಈ ಕ್ಯಾಸೆಟ್ ಬಿಟ್ಟರೆ ಮತ್ತೆಲ್ಲೂ ಉಳಿದಿರಲಾರದು. ಅಂತರ್ಜಾಲಕ್ಕೆ ಇಡೀ ಸಿನಿಮಾ ಏರಿಸಬೇಡಿ, ಅದರ ಹಕ್ಕು ಬೇರೆಯವರದು.

ರಾತ್ರಿಯ ದೃಶ್ಯಗಳೆಲ್ಲ ಬರೀ ಕಪ್ಪು. ರಕ್ತ, ಕೆಂಪು ಸೀರೆ ಪಕ್ಕಕ್ಕೆ ಹರಡಿದಂತೆ ಕಾಣುತ್ತದೆ. ಸರಿಮಾಡಬಹುದೇ? – ಓದುಗರು, ಅಂಕೋಲಾ

ಅರ್ಧ ಮಾಡಬಹುದು. ವಿಎಚ್‌ಎಸ್ ಟೇಪು, ಅಂದರೆ ಈ ಮಾದರಿಯ ವಿಡಿಯೊ ಕ್ಯಾಸೆಟ್ಟು, ಬೆಳಕು–ನೆರಳಿನ ವಿವರವನ್ನು ಸುಮಾರು 240 ಗೆರೆಯಷ್ಟು ಹಿಡಿಯುತ್ತದೆ, ಬಣ್ಣವನ್ನು ಬರೀ 40ರಷ್ಟು. ಅದಕ್ಕೇ ಕೆಂಪು ಗೆರೆ ದಾಟಿ ಹರಿಯುವುದು. ಕೇಬಲ್‌ನವರ ಬಳಿ ಇದ್ದದ್ದು ಹೆಚ್ಚಾಗಿ ಪ್ರತಿಯ ಪ್ರತಿ. ಅದನ್ನು ವಿಸಿಆರ್‌ನಿಂದ ಮಾಡ್ಯುಲೇಟರ್‌ಗೆ (ಚಿತ್ರವನ್ನು ಟಿವಿ ಚಾನೆಲ್ ಆಗಿಸುವ ಯಂತ್ರ) ಕೊಟ್ಟು ತಂತಿಗೆ ಬಿಟ್ಟರು, ನೀವು ಅದನ್ನು ಮತ್ತೆ ಟೇಪ್ ಮಾಡಿದಿರಿ. ಒಂದೊಂದು ಪ್ರತಿಗೂ ಬಣ್ಣ ಒಂದೆರಡು ಗೆರೆ ಕೆಳಗೆ ಜಾರುತ್ತದೆ, ಕತ್ತಲೆಯ ವಿವರ ಚುಕ್ಕಿಗಳಲ್ಲಿ ಮುಳುಗುತ್ತದೆ.

ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಬಣ್ಣದ ಪದರವನ್ನು ಮಾತ್ರ ಮೇಲಕ್ಕೆ, ಎಡಕ್ಕೆ ಸರಿಸಲು ಬರುತ್ತದೆ. ಸೀರೆಯ ಅಂಚು ನೋಡುತ್ತ ಎರಡೆರಡು ಗೆರೆ ಸರಿಸಿ. ಬ್ರೈಟ್‌ನೆಸ್ ಏರಿಸಿದರೆ ಕತ್ತಲೆ ಬೂದಿಯಾಗುತ್ತದೆ, ಹೆದರಿಕೆಯೂ ಹೋಗುತ್ತದೆ. ನಡುಛಾಯೆಗಳನ್ನು ಬೆಳಗಿಸುವ ‘ಗಾಮಾ’ವನ್ನು ಸ್ವಲ್ಪ ಎತ್ತಿದರೆ ಸಾಕು. ವಿಸಿಆರ್‌ನ ಶಾರ್ಪ್‌ನೆಸ್ ಇಳಿಸಿಡಿ. ಪೂರ್ತಿ ಕಪ್ಪಾದಲ್ಲಿ ಏನೂ ಉಳಿದಿಲ್ಲ, ಅಲ್ಲಿ ಎಷ್ಟು ಎಳೆದರೂ ಚುಕ್ಕಿಯೇ ಬರುತ್ತದೆ. ಕೆಲವು ‘ರಾತ್ರಿ’ಗಳನ್ನು ಹಗಲಿನಲ್ಲೇ ಬೆಳಕು ಕಡಿಮೆ ಮಾಡಿ, ನೀಲಿ ಫಿಲ್ಟರ್ ಹಾಕಿ ತೆಗೆಯುತ್ತಿದ್ದರು. ನೆಲದ ಮೇಲೆ ಚೂಪಾದ ನೆರಳು ಕಂಡರೆ ಅದು ಅಂಥದ್ದು. ಅಂಥ ದೃಶ್ಯಗಳು ಚೆನ್ನಾಗಿ ಮೇಲೇಳುತ್ತವೆ.

ಕೇಬಲ್ ಬರುವ ಮೊದಲು, ಬೇಸಿಗೆಯ ರಾತ್ರಿ ದೂರದರ್ಶನ ಮುಗಿದ ಮೇಲೂ ನಮ್ಮ ಟಿವಿಯಲ್ಲಿ ಯಾರದೋ ಮುಖ ಮಸುಕಾಗಿ ಬಂದು ಹೋಗುತ್ತಿತ್ತು. ದೆವ್ವದ ಸಿನಿಮಾ ನೋಡಿದ ರಾತ್ರಿ ಅದನ್ನು ಕಂಡು ಮಕ್ಕಳೆಲ್ಲ ಅತ್ತದ್ದಿದೆ. ಏನದು? – ಓದುಗಿ, ಕಾರವಾರ

ಅದು ಸಮುದ್ರದಾಚೆಯ ಇನ್ನೊಂದು ಟಿವಿ ಕೇಂದ್ರ. ಮಾರ್ಚ್‌ನಿಂದ ಮುಂಗಾರು ಬರುವವರೆಗೆ ಅರಬ್ಬೀ ಸಮುದ್ರದ ಮೇಲೆ ತಂಪಾದ ತೇವದ ಗಾಳಿಯ ಪದರ ಕೆಳಗೆ, ಕಾದ ಒಣ ಗಾಳಿ ಮೇಲೆ ನಿಲ್ಲುತ್ತದೆ. ಟಿವಿಯ ವಿಎಚ್‌ಎಫ್ ಅಲೆಗಳು ಆಕಾಶಕ್ಕೆ ಹಾರಿಹೋಗದೆ ಈ ಎರಡರ ನಡುವಿನ ಎಲ್ಲೆಯಲ್ಲಿ ಬಾಗಿ, ನೀರಿನ ಮೇಲೇ ನೂರಾರು ಕಿಲೋಮೀಟರ್ ಸಾಗುತ್ತವೆ. ಹತ್ತಿರದ ಪ್ರಸಾರ ನಿಂತು ಚಾನೆಲ್ ಖಾಲಿಯಾದಾಗ ದೂರದ್ದು ಕಾಣುತ್ತದೆ. ಎರಡೂ ಒಟ್ಟಿಗೆ ಇದ್ದರೆ ಪರದೆಯ ತುಂಬ ಅಡ್ಡ ಪಟ್ಟಿಗಳು, ಅದರ ಹಿಂದೆ ಮಸುಕು ಮುಖ. ಪದರ ಅಲುಗಿದಂತೆ ಚಿತ್ರವೂ ಬಂದು ಹೋಗುತ್ತದೆ. ಘಟ್ಟ ಅಡ್ಡ ಇರುವುದರಿಂದ ಶಿರಸಿ, ಸಿದ್ದಾಪುರದವರಿಗೆ ಇದು ಕಾಣಸಿಗುತ್ತಿರಲಿಲ್ಲ.

ಮಕ್ಕಳಿಗೆ ಆ ಸಿನಿಮಾಗಳನ್ನು ಹಳೆಯ ಡಬ್ಬಾ ಟಿವಿಯಲ್ಲೇ ತೋರಿಸುವ ಆಸೆ. ಹಚ್ಚಿದರೆ ಹಿಂದೆ ‘ಚರ್’ ಎಂಬ ಸದ್ದು, ನೀಲಿ ಕಿಡಿ. – ಓದುಗರು, ಹೊನ್ನಾವರ

ಆರಿಸಿ, ಪ್ಲಗ್ ಕಿತ್ತು ಬಿಡಿ. ಪಿಕ್ಚರ್ ಟ್ಯೂಬಿಗೆ ಕೆಂಪು ದಪ್ಪ ತಂತಿ ಸೇರುವ ರಬ್ಬರ್ ಟೊಪ್ಪಿಗೆಯ ಸುತ್ತ ಉಪ್ಪುಗಾಳಿಯ ತೇವ, ಧೂಳು ಕೂತಿದೆ. ಅಲ್ಲಿರುವುದು ಸುಮಾರು 25,000 ವೋಲ್ಟ್. ಪ್ಲಗ್ ಕಿತ್ತ ಮೇಲೂ ಟ್ಯೂಬಿನಲ್ಲಿ ವಿದ್ಯುತ್ ನಿಂತಿರುತ್ತದೆ, ಆದ್ದರಿಂದ ಹಿಂದಿನ ಮುಚ್ಚಳ ನೀವು ಬಿಚ್ಚಬಾರದು. ಹಳೆಯ ಟಿವಿ ರಿಪೇರಿ ಬಲ್ಲವರು ಅದನ್ನು ಅರ್ಥ್‌ಗೆ ಇಳಿಸಿ, ಗಾಜನ್ನು ಸ್ಪಿರಿಟ್‌ನಿಂದ ಒರೆಸಿ, ಆರಿಸಿ, ಟೊಪ್ಪಿಗೆಯ ಅಂಚಿಗೆ ಸಿಲಿಕೋನ್ ಗ್ರೀಸ್ ಹಚ್ಚಿಕೊಡುತ್ತಾರೆ. ಮೊದಲ ಸಲ 100 ವ್ಯಾಟ್‌ನ ಹಳೆಯ ಬಲ್ಬನ್ನು ಸೀರೀಸ್‌ನಲ್ಲಿಟ್ಟು (ಟಿವಿಯ ವಿದ್ಯುತ್ ಬಲ್ಬಿನ ಮೂಲಕವೇ ಹಾಯುವಂತೆ) ಹಚ್ಚಲು ಹೇಳಿ. ಬಲ್ಬ್ ಒಮ್ಮೆ ಹೊಳೆದು ಮಬ್ಬಾದರೆ ಸರಿ, ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ.

ಏಳು ವರ್ಷದ ಮಗಳಿಗೆ ತೋರಿಸಬಹುದೇ? ಆಗ ನಾವೆಲ್ಲ ನೋಡಿದ್ದೆವಲ್ಲ. – ಓದುಗಿ, ಭಟ್ಕಳ

ಆಗ ನೋಡಿದ ಎಷ್ಟೋ ಚಿತ್ರಗಳು ವಯಸ್ಕರಿಗೆಂದೇ ‘ಎ’ ಪ್ರಮಾಣಪತ್ರ ಪಡೆದವು. ಕೇಬಲ್ ಕಾಯ್ದೆ ಬಂದದ್ದು 1995ರಲ್ಲಿ. ಅದರ ನಿಯಮ ಅಂಥವನ್ನು ಕೇಬಲ್‌ನಲ್ಲಿ ತೋರಿಸಬಾರದು ಎನ್ನುತ್ತದೆ. ಏಳು ವರ್ಷಕ್ಕೆ ‘ಎ’ ಬೇಡ. 2023ರ ತಿದ್ದುಪಡಿಯ ಮೇಲೆ ಹೊಸ ಚಿತ್ರಗಳಿಗೆ ಯುಎ 7+, 13+, 16+ ಎಂಬ ಗುರುತು ಬರುತ್ತಿದೆ, ಅದನ್ನು ನೋಡಿ ಆರಿಸಿ. ಹಗಲಲ್ಲಿ, ಪಕ್ಕದಲ್ಲಿ ಕೂತು ನೋಡಿ. ಹೆದರಿದರೆ ಧ್ವನಿ ಪೂರ್ತಿ ಇಳಿಸಿ, ಹೆದರಿಕೆಯ ಬಹುಪಾಲು ಅಲ್ಲಿದೆ.

ಸಿನಿಮಾದ ಹೆಸರು ತಿಳಿಯದು, ಕೊನೆಯೂ ಇಲ್ಲ. ಮಾಂತ್ರಿಕ ಬಾಗಿಲು ತೆರೆಯುವಾಗ ಟೇಪ್ ಮುಗಿದಿದೆ. – ಓದುಗರು, ಯಲ್ಲಾಪುರ

ಸಿನಿಮಾದ ಆರಂಭ ಇದ್ದರೆ ಸೆನ್ಸಾರ್ ಪ್ರಮಾಣಪತ್ರದ ಬಳಿ ಟೇಪ್ ನಿಲ್ಲಿಸಿ. ಹೆಸರು, ಭಾಷೆ, ನಿರ್ಮಾಪಕರು, ತಾರೀಖು, ಮೀಟರ್‌ನಲ್ಲಿ ಉದ್ದ, ಎಲ್ಲ ಅದರಲ್ಲಿರುತ್ತದೆ. ಆ ಕಾಲದ ಹಿಂದಿ ದೆವ್ವದ ಚಿತ್ರವೆಂದರೆ ರಾಮ್ಸೆ ಸಹೋದರರದ್ದೇ ಎಂದು ಹುಡುಕತೊಡಗುವ ಮೊದಲು ನಿರ್ಮಾಪಕರ ಸಾಲು ಓದಿ. ‘ಯುಎ’ ಎಂದಿದ್ದರೆ 1983ಕ್ಕಿಂತ ಹಳೆಯ ಪ್ರಮಾಣಪತ್ರವಲ್ಲ, ಆ ವರ್ಗ ಬಂದದ್ದೇ ಆಗ.

ಕೊನೆ ಕಡಿದುಹೋದದ್ದಕ್ಕೆ ಲೆಕ್ಕವಿದೆ. ಚಿತ್ರಮಂದಿರದಲ್ಲಿ ಫಿಲ್ಮ್ ನಿಮಿಷಕ್ಕೆ ಸುಮಾರು 27.4 ಮೀಟರ್ ಓಡುತ್ತದೆ. 3,600 ಮೀಟರ್ ಇದ್ದರೆ 131 ನಿಮಿಷ. ಟಿವಿಯಲ್ಲಿ 24ರ ಬದಲು 25 ಫ್ರೇಮ್ ಓಡುವುದರಿಂದ 126 ನಿಮಿಷಕ್ಕೆ ಮುಗಿಯುತ್ತದೆ (ಧ್ವನಿಯ ಶ್ರುತಿ ಕೂಡ ಕೂದಲೆಳೆಯಷ್ಟು ಏರಿದಂತೆ ಕೇಳುವುದು ಅದಕ್ಕೇ). ಜಾಹೀರಾತು ಸೇರಿ ಎರಡೂಕಾಲು ಗಂಟೆ ದಾಟಿತು ಎಂದಾದರೆ 120ರ ಕ್ಯಾಸೆಟ್ ಸಾಲುವುದಿಲ್ಲ. ಟೇಪ್ ಮುಗಿದ ಕೂಡಲೇ ಮತ್ತೊಂದನ್ನು ತುರುಕಿ ಮುಂದುವರಿಸುವುದು ಆಗ ರೂಢಿ. ಹಾಗಾಗಿ ಉಳಿದ ಕ್ಯಾಸೆಟ್‌ಗಳ ಮೊದಲ ಹದಿನೈದು ನಿಮಿಷ, ಮದುವೆಯ ಕ್ಯಾಸೆಟ್ಟಿನ ಕೊನೆಯ ಖಾಲಿ ಭಾಗ, ಎರಡನ್ನೂ ನೋಡಿ. ಅಲ್ಲೂ ಇಲ್ಲದಿದ್ದರೆ ಅದೇ ಕೇಬಲ್ ಇದ್ದ ನೆರೆಮನೆಗಳಲ್ಲಿ ಕೇಳಿ, 180ರ ಕ್ಯಾಸೆಟ್ ಹಾಕಿದ್ದವರು ಯಾರಾದರೂ ಇದ್ದಾರು.